ಅರ ಮುಟ್ಟದ ಹೆಸರು

ಹುರಿದ ಜವೆಗೋಧಿ ಒರಳಲ್ಲಿ ನುಣ್ಣಗಾಗುತ್ತಿತ್ತು; ತೂಮಿಯಾಳ ಸಿಟ್ಟು ಮಾತ್ರ ಇನ್ನೂ ತರಿತರಿಯಾಗಿಯೇ ಉಳಿದಿತ್ತು. ಸಂಜೆಗೆ ನಿಸಾನ್ ತಿಂಗಳು ಹುಟ್ಟುತ್ತದೆ. ಯಹೂದಿಗಳ ಕೇರಿ ಹಾರಾದ ಮನೆಮನೆಯಲ್ಲೂ ಇವತ್ತು ಬ್ಸೀಸಾದ ಹಿಟ್ಟು, ಅಂಗಳ ಅಂಗಳದಿಂದಲೂ ಸೋಂಪು ಕೊತ್ತಂಬರಿ ಹುರಿದ ಘಮ, ಹೆಂಗಸರೆಲ್ಲ ಸಂಜೆ ಆ ಹಿಟ್ಟಿನ ಬೋಗುಣಿಗೆ ಹಾಕಲು ತಮ್ಮ ತಮ್ಮ ಉಂಗುರ ಬಳೆ ಉಜ್ಜಿಟ್ಟುಕೊಳ್ಳುವ ಸಡಗರ. ತೂಮಿಯಾಳ ಚಿನ್ನ, ಒಂದು ಪುಟ್ಟ ಪದಕ, ರವಿಕೆಯೊಳಗೆ ಕೂತಿತ್ತು. ಒನಕೆ ಎತ್ತಿ ಇಳಿಸಿದಾಗಲೆಲ್ಲ ಅದು ಎದೆಯ ಮೂಳೆಗೆ ತಾಗಿ ತಾನಿದ್ದೇನೆ ಎನ್ನುತ್ತಿತ್ತು. ಅದರ ಮೇಲೆ ಎರಡೇ ಹೀಬ್ರೂ ಅಕ್ಷರ: ಲಾಮೆದ್, ಬೇತ್. ಕೂಡಿಸಿ ಓದಿದರೆ ಹೃದಯ. ಸಂಜೆಯೊಳಗೆ ಅದನ್ನು ಕೊಟ್ಟುಬಿಡಬೇಕಂತೆ. ಕೊಡುವುದಲ್ಲ, ಬಿಟ್ಟುಕೊಡುವುದು. ಎರಡಕ್ಕೂ ಇರುವ ವ್ಯತ್ಯಾಸ ತಮ್ಮ ಹ್ವಾತೊಗೆ ಈ ಜನ್ಮದಲ್ಲಿ ತಿಳಿಯುವುದಿಲ್ಲ ಎಂದುಕೊಂಡು ಅವಳು ಇನ್ನೂ ಜೋರಾಗಿ ಕುಟ್ಟಿದಳು.

"ಅತ್ತಿಗೆ, ಒರಳು ಒಡೆದೀತು, ಮೆಲ್ಲಗೆ," ಎಂದಳು ಹ್ವಾತೊನ ಹೆಂಡತಿ ಘ್ಜಾಲಾ, ಜರಡಿ ಹಿಡಿದು.

"ಒಡೀಲಿ. ಈ ಮನೇಲಿ ಒಡೆಯದೆ ಉಳಿದಿರೋದು ಅದೊಂದೇ."

ಘ್ಜಾಲಾ ಜರಡಿ ತಟ್ಟಿ ಕೊಡವಿದಳು. ಮಗಳ ಮದುವೆ ಗೊತ್ತಾದ ಮೇಲೆ ಅವಳಿಗೆ ಎಲ್ಲರ ಮೇಲೂ ಕರುಣೆ ಬಂದುಬಿಟ್ಟಿತ್ತು, ಬೇರೆಯವರ ಮಾತು ಕೇಳಿಸದಷ್ಟು. ಬೀಗರಾಗುವವರು ರಬ್ಬಿ ಖಲಾಫೊ ಮನೆಯವರು. ರಬ್ಬಿ ಅಂದರೆ ಸುಮ್ಮನೆ ಅಲ್ಲ, ಚರ್ಮದ ಸುರುಳಿಯ ಮೇಲೆ ಧರ್ಮಗ್ರಂಥ ತೋರಾ ಬರೆಯುವ ಕೈ. ಅಂಥವರು ಇವತ್ತು ಸಂಜೆ ಬ್ಸೀಸಾಕ್ಕೆ ಇಲ್ಲಿಗೇ ಬರುತ್ತಾರೆ. ಬೋಗುಣಿಯಲ್ಲಿ ಎಲ್ಲರ ಚಿನ್ನದ ಜೊತೆ ಆ ಪದಕವನ್ನೂ ಹಾಕಿ, ಎಣ್ಣೆ ಹೊಯ್ದು, ಕೀಲಿಕೈಯಿಂದ ಕಲಸಿ, ಆಮೇಲೆ ರಬ್ಬಿಯ ತಾಯಿ ಫ್ರೀಹಾ ಅಜ್ಜಿ ತಮ್ಮ ಕೈಯಾರೆ ಅದನ್ನು ಹೊರತೆಗೆದು ಹುಡುಗಿ ಹನೀನಾಳ ಕೊರಳಿಗೆ ಹಾಕುತ್ತಾರೆ. ಹ್ವಾತೊ ಎಲ್ಲವನ್ನೂ ನಿಶ್ಚಯಿಸಿಯಾಗಿತ್ತು. ಪದಕ ಮಾಡಿದವಳನ್ನು ಕೇಳುವುದೊಂದು ಬಾಕಿಯಿತ್ತು, ಅದನ್ನು ಬೆಳಿಗ್ಗೆ ಚಹಾ ಕುಡಿಯುತ್ತ ಮುಗಿಸಿದ.

"ಅಕ್ಕ, ಹೋದ ವಾರ ನಿನ್ನ ಡಬ್ಬಿಯಿಂದ ಆ ಪದಕ ಅಂಗಡಿಗೆ ಒಯ್ದಿದ್ದೆನಲ್ಲ, ಫ್ರೀಹಾ ಅಜ್ಜಿ ನೋಡಿ ಬಿಟ್ಟ ಕಣ್ಣು ಬಿಟ್ಟಹಾಗೇ ನಿಂತರು. ಹುಡುಗಿಗೆ ಇದೇ ಬೇಕು ಅಂದ್ರು."

"ಕೇಳದೆ ಒಯ್ದಿದ್ದೆ. ಆಮೇಲೆ?"

"ಯಾರ ಕೈ ಇದು ಅಂದ್ರು."

"ನೀನೇನಂದೆ?"

ಹ್ವಾತೊ ಲೋಟದ ತಳದಲ್ಲಿದ್ದ ಪುದೀನ ಎಲೆಯನ್ನು ಬೆರಳಲ್ಲಿ ತಿರುಗಿಸಿದ. "ಏನನ್ನಲಿ ಮತ್ತೆ? ನಂದೇ ಅಂದೆ. ರಬ್ಬಿ ಮನೆಯವರು ಹೆಂಗಸು ಕೆತ್ತಿದ ಅಕ್ಷರ ಕೊರಳಿಗೆ ಹಾಕ್ಕೋತಾರಾ? ಹನೀನಾ ಮದುವೆ ಅಕ್ಕ. ನಿನ್ನ ಮಗಳಿದ್ದ ಹಾಗೇ ಅಲ್ವಾ?"

ನಿನ್ನ ಮಗಳಿದ್ದ ಹಾಗೆ. ಬೇಕಾದಾಗ ಮಗಳು, ಬೇಡದಾಗ ಬಂಜೆ. ಝರ್ಜೀಸ್ ಊರಿನ ಗಂಡ ಮಕ್ಕಳಾಗಲಿಲ್ಲವೆಂದು ಬಿಡುಗಡೆಯ ಪತ್ರವನ್ನು ಅವಳ ಎರಡು ಅಂಗೈಯೊಳಗೆ ಉದುರಿಸಿದಾಗ ಕೊಟ್ಟು ಕಳಿಸಿದ್ದು ಅವಳ ತಾಯಿಯ ಬಳೆಗಳನ್ನು ಮಾತ್ರ. ಆ ಬಳೆಗಳಲ್ಲೊಂದನ್ನು ಕರಗಿಸಿಯೇ ಈ ಹೃದಯ ಮಾಡಿದ್ದು. ಯಾರ ಅಪ್ಪನ ಮನೆ ಗಂಟೂ ಅಲ್ಲ, ತನ್ನ ಅಮ್ಮನ ಗಂಟು. ಈ ಮಾತು ಗಂಟಲಿಗೆ ಬಂದಿತ್ತು, ಆದರೆ ಅಷ್ಟರಲ್ಲಿ ಹನೀನಾ ಒದ್ದೆ ಕೂದಲು ಹರಡಿಕೊಂಡು ಬಂದು "ಅತ್ತೇ, ಎಣ್ಣೆ ಹಚ್ತೀಯಾ?" ಎಂದು ಎದುರು ಕೂತುಬಿಟ್ಟಳು, ತೂಮಿಯಾ ಮಾತು ನುಂಗಿ ಎಣ್ಣೆ ಹಚ್ಚಿದಳು. ಹುಡುಗಿಯ ನೆತ್ತಿ ಬೆಚ್ಚಗಿತ್ತು. ಇವಳ ಮೇಲೆ ಹಗೆ ಸಾಧಿಸುವುದಾದರೂ ಹೇಗೆ? ಇವಳು ಹುಟ್ಟಿದಾಗ ತೊಟ್ಟಿಲಿಗೆ ಕಟ್ಟಿದ ತಾಯಿತ ಕೆತ್ತಿದ್ದೂ ತಾನೇ. ಅದನ್ನೂ ಹ್ವಾತೊ ಕೆತ್ತಿದನೆಂದೇ ಊರೆಲ್ಲ ನಂಬಿದೆ.

ಹಿಟ್ಟು ಜರಡಿಗೆ ಸುರಿದು ಅವಳು ಅಪ್ಪನ ಕೋಣೆಗೆ ಹೋದಳು. ಅಪ್ಪ ಬುಗೀದ್ ಸತ್ತ ಮೇಲೂ ಅದು ಅಪ್ಪನ ಕೋಣೆಯೇ. ಒಳಗೆ ಕೂತು ಕೆಲಸ ಮಾಡುವವಳ ಹೆಸರು ಅದಕ್ಕೆ ಅಂಟಲಿಲ್ಲ. ಕಿಟಕಿಯ ಕೆಳಗೆ ಅರಗಿನ ಬಟ್ಟಲು, ಉಳಿಗಳು, ಭೂತಗನ್ನಡಿ. ಪೇಟೆಯ ಅಂಗಡಿಯಲ್ಲಿ ಹೆಂಗಸರು ಕೂರುವುದಿಲ್ಲ, ಆದ್ದರಿಂದ ಕೆಲಸ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಕೊಂಡು ಇಲ್ಲಿಗೆ ಬರುತ್ತದೆ, ಮುಗಿದ ಮೇಲೆ ಬಟ್ಟೆ ಮುಚ್ಚಿಕೊಂಡೇ ಹೋಗುತ್ತದೆ, ಕದ್ದ ಕೋಳಿಯ ಹಾಗೆ. ಅಪ್ಪನ ಕಣ್ಣಿಗೆ ಪೊರೆ ಬಂದ ವರ್ಷ ಅವಳು ಗಂಡನ ಮನೆಯಿಂದ ವಾಪಸು ಬಂದಿದ್ದಳು. ಇಬ್ಬರೂ ಕೆಲಸಕ್ಕೆ ಬಾರದವರು ಒಂದೇ ಕೋಣೆಯಲ್ಲಿ ಕೂತರು. ಓದಲು ಯಾರೂ ಕಲಿಸಿರಲಿಲ್ಲ ಅವಳಿಗೆ. ಅಕ್ಷರಗಳು ಮೊದಲು ಬೆರಳಿಗೆ ಬಂದವು, ಬಹಳ ದಿನಗಳ ಮೇಲೆ ಬಾಯಿಗೆ. ಬೇತ್ ಒಂದು ಮನೆ ಕಣೇ, ಅನ್ನುತ್ತಿದ್ದ ಅಪ್ಪ, ಮೂರು ಕಡೆ ಗೋಡೆ, ಒಂದು ಕಡೆ ತೆರೆದೇ ಇರಬೇಕು, ಅದನ್ನ ಮುಚ್ಚಿದೆಯೋ ಬೇರೆ ಅಕ್ಷರ ಆಗ್ತದೆ. ಲಾಮೆದ್ ಎಲ್ಲ ಅಕ್ಷರಗಳಿಗಿಂತ ಉದ್ದ ಕತ್ತಿನದು, ಸಾಲು ಮೀರಿ ಮೇಲೆ ಇಣುಕುತ್ತದೆ, ಅದರ ಕತ್ತು ಮುರೀಬೇಡ. ತೋರಾದ ಕೊನೆಯ ಅಕ್ಷರ ಲಾಮೆದ್, ಮೊದಲನೆಯದು ಬೇತ್. ಹಬ್ಬದ ದಿನ ಸುರುಳಿ ಓದಿ ಮುಗಿಸಿದವರು ಅಲ್ಲಿಗೇ ನಿಲ್ಲುವ ಹಾಗಿಲ್ಲ, ಉಸಿರಾರುವ ಮೊದಲೇ ಇನ್ನೊಂದು ಸುರುಳಿಯಿಂದ ಮತ್ತೆ ಆರಂಭಿಸಬೇಕು. ಕೊನೆ ಹೋಗಿ ಮೊದಲನ್ನು ಮುಟ್ಟುವ ಆ ಸಂದಿಯಲ್ಲೇ ಹೃದಯ ಇರೋದು ಅಂತ ಹಿಂದಿನವರು ತಿಳಿದಿದ್ದರು, ಲಾಮೆದ್‌ಗೆ ಮೂವತ್ತು, ಬೇತ್‌ಗೆ ಎರಡು, ಅಕ್ಷರಗಳ ಲೆಕ್ಕ ಕೂಡಿದರೆ ಮೂವತ್ತೆರಡು, ಅಷ್ಟು ದಾರಿಗಳಿಂದ ಜ್ಞಾನ ಲೋಕಕ್ಕೆ ಇಳಿಯಿತು, ಅಷ್ಟೂ ದಾರಿ ಸೇರೋದು ಎದೆಯಲ್ಲಿ. ಅಪ್ಪ ಹೇಳುತ್ತ ಹೇಳುತ್ತ ನಿದ್ದೆ ಹೋಗುತ್ತಿದ್ದ. ಅವಳು ಕೆತ್ತುತ್ತಿದ್ದಳು.

ಹ್ವಾತೊ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುವ ಹೃದಯವೇ ಬೇರೆ. ಅದು ಎಲೆಯಾಕಾರದ್ದು, ಪ್ರವಾಸಿಗರು ಇಷ್ಟಪಡುವಂಥದ್ದು, ಮಧ್ಯೆ ಒಂದು ಕೆಂಪು ಕಲ್ಲು. ಅದನ್ನು ಮೊದಲ ಸಲ ನೋಡಿದಾಗ ತೂಮಿಯಾ ನಕ್ಕಿದ್ದಳು: ನೀನು ಕುರಿಯ ಎದೆಗುಂಡಿಗೆ ಯಾವತ್ತಾದ್ರೂ ನೋಡಿದೀಯೇನೋ? ನೋಡಿರಲಿಕ್ಕಿಲ್ಲ, ಗಂಡಸರಿಗೆ ಅದು ಬೆಂದ ಮೇಲೆ ತಟ್ಟೆಯಲ್ಲೇ ದರ್ಶನ. ಗುಂಡಿಗೆಯನ್ನು ಇಡಿಯಾಗಿ ಬೇಯಿಸುವ ಹಾಗಿಲ್ಲ, ಮೊದಲು ಸೀಳಬೇಕು, ಒಳಗೆ ಹೆಪ್ಪುಗಟ್ಟಿದ ರಕ್ತವನ್ನೆಲ್ಲ ಹೊರಹಾಕಬೇಕು, ಆಮೇಲೆ ಉಪ್ಪು. ಚಿಕ್ಕಂದಿನಿಂದ ಎಷ್ಟು ಗುಂಡಿಗೆ ಸೀಳಿದ್ದಾಳೋ ಲೆಕ್ಕವಿಲ್ಲ. ತನ್ನದನ್ನು ಮಾತ್ರ ಸೀಳದೆ ಹಾಗೇ ಇಟ್ಟುಕೊಂಡು ಇಷ್ಟು ವರ್ಷ ತಿರುಗಿದೆನಲ್ಲ, ಥೂ, ಎನ್ನಿಸಿತು ಅವಳಿಗೆ.

ಹೋದ ವರ್ಷ ಒಂದು ಬೆಳ್ಳಿ ಕಡಗದ ಒಳಮೈಗೆ, ಯಾರ ಕಣ್ಣಿಗೂ ಬೀಳದ ಕಡೆ, ಅವಳು ತನ್ನ ಹೆಸರು ಗೀಚಿದ್ದಳು. ಸಾಸಿವೆಯಷ್ಟು ಸಣ್ಣ ಅಕ್ಷರ. ಹ್ವಾತೊನ ಕಣ್ಣಿಗೆ ಅದು ಬಿದ್ದೇಬಿಟ್ಟಿತು. ಅವನು ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವಳ ಎದುರಿಗೇ ಕೂತು ಅರ ತೆಗೆದುಕೊಂಡು, ಸಿಳ್ಳೆ ಹಾಕುತ್ತ, ಉಜ್ಜಿ ಅಳಿಸಿದ. ಉಫ್ ಎಂದು ಊದಲು ಹೋದವನು ತಡೆದು, ಆ ಪುಡಿಯನ್ನು ಬೆರಳಲ್ಲಿ ಗುಡಿಸಿ ತಟ್ಟೆಗೆ ಹಾಕಿಕೊಂಡ. "ಪುಡೀನೂ ಬೆಳ್ಳೀನೇ ಅಕ್ಕ, ಸುಮ್ನೆ ಯಾಕೆ ಹಾಳು ಮಾಡೋದು," ಎಂದ. ಅವತ್ತು ಅವಳಿಗೆ ಊಟ ಸೇರಲಿಲ್ಲ. ತನ್ನ ಹೆಸರು ಕರಗಿ ಮುಂದೆ ಯಾರ ಚಮಚೆಯ ಹಿಡಿಕೆಯಾಯಿತೋ.

ಪದಕವನ್ನು ರವಿಕೆಯಿಂದ ತೆಗೆದು ಅವಳು ಬೋರಲಾಗಿ ಅರಗಿನ ಮೇಲೆ ಕೂರಿಸಿದಳು. ಬೆನ್ನು ನುಣ್ಣಗೆ, ಖಾಲಿ. ಹೆಸರು ಬರೆದರೆ ಅವನು ಉಜ್ಜುತ್ತಾನೆ, ಬರೆಯದಿದ್ದರೆ ಅವನದೇ ಆಗುತ್ತದೆ. ಉಜ್ಜಲಾಗದ ಹೆಸರೊಂದೇ ಲೋಕದಲ್ಲಿರುವುದು; ಅದು ಅವಳದಲ್ಲ, ದೇವರದು. ಅದನ್ನು ಒಮ್ಮೆ ಬರೆದ ಮೇಲೆ ಅರವಿಲ್ಲ, ಬೆಂಕಿಯಿಲ್ಲ, ಮಾಸಿದರೆ ಮಣ್ಣಿಗಿಡಬೇಕೇ ಹೊರತು ಮೂಸೆಗಿಲ್ಲ. ಹಾರಾದ ಕುಡುಕನಿಗೂ ಇದು ಗೊತ್ತು. ಅಪ್ಪ ತಾಯಿತ ಕೆತ್ತುವಾಗ ಹೆಸರುಗಳನ್ನು ಹೆಣೆಯುತ್ತಿದ್ದ. ಬಾಣಂತಿಯ ಹೆಸರಿನ ಒಂದಕ್ಷರ, ದೇವರ ಹೆಸರಿನ ಒಂದಕ್ಷರ, ಜಡೆಯ ಹಾಗೆ, ಒಂದನ್ನು ಎಳೆದರೆ ಇನ್ನೊಂದು ಬರುವಂತೆ. ಕಾಡುವ ಶಕ್ತಿಗಳಿಗೆ ಅವಳನ್ನು ಬಿಡಿಸಿಕೊಳ್ಳಲು ಆಗಬಾರದು, ಅದಕ್ಕೆ. ಆದರೆ ಅವನ ಹೆಸರಿನ ಅಕ್ಷರ ಬಂದಾಗ ಅಪ್ಪ ಮಗಳ ಕೈಯಿಂದ ಉಳಿ ಈಸಿಕೊಳ್ಳುತ್ತಿದ್ದ. ಕೈ ತೊಳೆದು, ಮಾತು ನಿಲ್ಲಿಸಿ, ಕಾಣದ ಕಣ್ಣಲ್ಲಿ ತಡಕಿ ತಡಕಿ ತಾನೇ ಕೆತ್ತುತ್ತಿದ್ದ. ಒಂದು ಸಲ ಅವನ ಕೈ ನಡುಗಿ ಉಳಿ ಜಾರಿತು. ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವಳು ಆ ಗೆರೆಯನ್ನು ಸದ್ದಿಲ್ಲದೆ ಮುಗಿಸಿಬಿಟ್ಟಳು. ಅಪ್ಪ ಹೆಬ್ಬೆರಳು ಆಡಿಸಿ ನೋಡಿದ. ಬಹಳ ಹೊತ್ತು ನೋಡಿದ. "ಇವತ್ತು ಕೈ ಚೆನ್ನಾಗಿ ನಡೀತು," ಎಂದ. ಯಾರ ಕೈ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ತೂಮಿಯಾ ಅಂಗಳಕ್ಕೆ ಹೋಗಿ ಕೈ ತೊಳೆದು ಬಂದಳು. ಕೈ ತೊಳೆದರೆ ಸಾಕೇ? ಹೊಟ್ಟೆಯಲ್ಲಿ ಇಷ್ಟು ಕಿಚ್ಚಿಟ್ಟುಕೊಂಡು, ತಮ್ಮನ ಮೇಲಿನ ಹಟಕ್ಕೆ ದೇವರ ಹೆಸರನ್ನು ಬೇಲಿಯ ಮುಳ್ಳಿನ ಹಾಗೆ ಬಳಸುವುದು ಪಾಪವಲ್ಲವೇ? ಪಾಪವೇ ಇರಬೇಕು. ಅವಳಿಗೆ ಭಯವಾಯಿತು, ಭಯವಾಯಿತೆಂದು ನಾಚಿಕೆಯಾಯಿತು, ನಾಚಿಕೆಯಾಯಿತೆಂದು ಸಿಟ್ಟು ಬಂತು. ಬಾಣಂತಿಯರನ್ನು ಕಾಯುವ ಹೆಸರು ಬಂಜೆಯನ್ನು ಕಾಯುವುದಿಲ್ಲವೋ? ಕಾಯದಿದ್ದರೆ ನೋಡಿಯೇಬಿಡೋಣ. ಉಳಿ ಕೈಗೆ ಬಂತು. ತನ್ನದೊಂದು ಅಕ್ಷರ, ಅವನದೊಂದು, ತನ್ನದೊಂದು, ಅವನದೊಂದು. ಕೈ ನಡುಗಲಿಲ್ಲ. ಅವನ ಹೆಸರು ಸಣ್ಣದು, ಬೇಗ ಮುಗಿಯಿತು. ಕೊನೆಗೆ ಉಳಿದ ತನ್ನ ಎರಡು ಅಕ್ಷರಗಳನ್ನು ಅವನ ಕೊನೆಯ ಅಕ್ಷರಕ್ಕೆ ಒತ್ತಿ ಕೂರಿಸಿದಳು, ಕೂದಲು ತೂರದಷ್ಟು ಹತ್ತಿರ. ಹೊರಗೆ ಘ್ಜಾಲಾ ಖರ್ಜೂರ ಎಲ್ಲಿಟ್ಟಿದ್ದೀರಿ ಅಂತ ಕೂಗುತ್ತಿದ್ದಳು. ಬಂದೆ ಎಂದಳು ತೂಮಿಯಾ, ಬಹಳ ದಿನಗಳ ಮೇಲೆ ಶಾಂತವಾಗಿ.

ದೀಪ ಹಚ್ಚುವ ಹೊತ್ತಿಗೆ ಬೀಗರು ಬಂದರು. ರಬ್ಬಿ ಖಲಾಫೊ ಬಾಗಿಲ ಚೌಕಟ್ಟು ಮುಟ್ಟಿ ಬೆರಳಿಗೆ ಮುತ್ತಿಟ್ಟು ಒಳಬಂದ. ಅವನ ಹಿಂದೆ ಫ್ರೀಹಾ ಅಜ್ಜಿ, ಮದುಮಗನಾಗಲಿರುವ ಮೊಮ್ಮಗನ ತೋಳು ಹಿಡಿದುಕೊಂಡು, ಆದರೆ ಹಿಡಿತ ನೋಡಿದರೆ ಮೊಮ್ಮಗನನ್ನೇ ಅವರು ನಡೆಸಿಕೊಂಡು ಬಂದ ಹಾಗಿತ್ತು. ಬೋಗುಣಿಯ ಸುತ್ತ ಎಲ್ಲರೂ ನಿಂತರು. ಹಿಟ್ಟಿನ ಮೇಲೆ ಖರ್ಜೂರ, ಬಾದಾಮಿ. ಘ್ಜಾಲಾ ತನ್ನ ಬಳೆ ಹಾಕಿದಳು, ಹನೀನಾ ಉಂಗುರ ಹಾಕಿದಳು, ಫ್ರೀಹಾ ಅಜ್ಜಿ ಬೆರಳಿಗೆ ಸೋಪು ಹಚ್ಚಿಸಿಕೊಂಡು ತಮ್ಮ ಹಳೆಯ ಉಂಗುರ ಬಿಡಿಸಿ ಹಾಕಿದರು. ಹ್ವಾತೊ ಸೊಂಟದಿಂದ ಅಂಗಡಿಯ ದೊಡ್ಡ ಕೀಲಿಕೈ ತೆಗೆದ. ಅಪ್ಪನ ಕಾಲದಿಂದಲೂ ಈ ಮನೆಯಲ್ಲಿ ಬ್ಸೀಸಾ ಕಲಸುವುದು ಅದರಿಂದಲೇ, ಅನ್ನದ ಬಾಗಿಲು ವರ್ಷವೆಲ್ಲ ತೆರೆದಿರಲೆಂದು.

"ಅಕ್ಕ, ಹಾಕು," ಎಂದ.

ತೂಮಿಯಾ ಮುಷ್ಟಿ ಬಿಡಲಿಲ್ಲ.

"ಅಕ್ಕ, ಎಣ್ಣೆ ಹುಯ್ಬೇಕು."

"ಇದನ್ನ ಹಾಕೋ ಹಾಗಿಲ್ಲ."

ಘ್ಜಾಲಾಳ ಮುಖ ಕೆಂಪಾಯಿತು. "ನೋಡಿ, ನೋಡಿ! ನಾನು ಹೇಳಿದ್ದೆ ತಾನೇ? ನಮ್ಮ ಹುಡುಗಿಗೆ ಒಳ್ಳೇದಾಗೋದು ಇವರಿಗೆ..." ಎಂದವಳು ಬೀಗರ ನೆನಪಾಗಿ ಅರ್ಧಕ್ಕೇ ನಿಲ್ಲಿಸಿದಳು. ಹನೀನಾ ಅತ್ತೆಯನ್ನೇ ನೋಡುತ್ತಿದ್ದಳು. ಆ ನೋಟ ತೂಮಿಯಾಳಿಗೆ ಚುಚ್ಚಿತು, ಉಳಿದವರದಲ್ಲ.

"ಯಾಕಮ್ಮ, ಯಾಕೆ ಹಾಕೋ ಹಾಗಿಲ್ಲ?" ಎಂದರು ಫ್ರೀಹಾ ಅಜ್ಜಿ.

"ತಿರುಗಿಸಿ ನೋಡಿ."

ಅಜ್ಜಿ ಪದಕ ತೆಗೆದುಕೊಂಡು ಮಗನ ಕೈಗೆ ಕೊಟ್ಟರು. ರಬ್ಬಿ ದೀಪದ ಹತ್ತಿರ ಹೋದ. ತುಟಿ ಅಲುಗಿತು, ನಿಂತಿತು. ಮತ್ತೆ ಮೊದಲಿಂದ ಓದಿದ. ಆಮೇಲೆ ಗಬಕ್ಕನೆ ಅಂಗೈ ಮುಚ್ಚಿಕೊಂಡ, ಗಾಳಿ ತಾಗೀತೆಂಬಂತೆ.

"ಇದರಲ್ಲಿ ಅವನ ಹೆಸರಿದೆ," ಎಂದ. "ಅದರೊಳಗೆ ಹೆಣೆದು ತೂಮಿಯಾ ಅಂತಿದೆ. ಯಾರು ಕೆತ್ತಿದ್ದು?"

ಹ್ವಾತೊ ಕೈ ಚಾಚಿದ. "ಅದೇನೋ ತಪ್ಪಾಗಿದೆ ರಬ್ಬಿ, ಕೊಡಿ ಇತ್ತ. ಅಕ್ಕನ ಹೆಸರಿನ ಅಕ್ಷರ ಮಾತ್ರ ಉಜ್ಜಿಬಿಡ್ತೀನಿ, ಎರಡು ನಿಮಿಷದ ಕೆಲಸ."

"ಎಲ್ಲಿ ಉಜ್ತೀಯ?" ರಬ್ಬಿಯ ದನಿ ಏರಿತು. "ಅರ ಎಲ್ಲಿಡ್ತೀಯ, ಹೇಳು ನೋಡೋಣ! ಸೂಜಿ ಇಡೋಕೆ ಜಾಗ ಬಿಟ್ಟಿಲ್ಲ. ಹೀಗೆ ಹೆಣೆದದ್ದು ಪೂರ್ತಿ ಹೆಸರಾಯ್ತೋ ಇಲ್ವೋ ಅಂತ ಕೂತು ವಾದ ಮಾಡಬಹುದು. ಆದ್ರೆ ಅನುಮಾನ ಇರೋ ಕಡೆ ಅರ ಎತ್ತೋ ಹಾಗಿಲ್ಲ. ಕರಗಿಸೋ ಮಾತಂತೂ ಬಾಯಲ್ಲೂ ತರಬೇಡ. ಒಬ್ಬರ ಹೆಸರು ಹೆಣೆದ ತಾಯಿತ ಇನ್ನೊಬ್ಬರು ಕಟ್ಟೋ ಹಾಗೂ ಇಲ್ಲ." ಅವನು ತೂಮಿಯಾಳ ಕಡೆ ತಿರುಗಿದ. "ನೀನು ಮಾಡಿದ್ದು ಸರಿ ಅಂತ ನಾನು ಹೇಳ್ತಿಲ್ಲ, ತಿಳ್ಕೋ."

"ಸರಿ ಅನ್ನಿ ಅಂತ ನಾನು ಕೇಳ್ತಾನೂ ಇಲ್ಲ ರಬ್ಬಿ. ಅವನಿಗೆ ಲೆಕ್ಕ ನಾನು ಕೊಡ್ತೀನಿ. ಇವನಿಗೆ ಕೊಡಲ್ಲ," ಎಂದಳು ತೂಮಿಯಾ. ತನ್ನ ದನಿ ಇಷ್ಟು ಗಟ್ಟಿಯೆಂದು ಅವಳಿಗೇ ಗೊತ್ತಿರಲಿಲ್ಲ. "ಯಾರು ಕೆತ್ತಿದ್ದು ಅಂದ್ರಲ್ಲ, ನಾನು. ಮುಂಬದಿಯ ಅಕ್ಷರಾನೂ ನಾನೇ. ಹನೀನಾ ತೊಟ್ಟಿಲ ತಾಯಿತಾನೂ ನಾನೇ. ಅಪ್ಪ ಕುರುಡಾದ ಮೇಲೆ ಈ ಮನೆಯಿಂದ ಹೊರಗೆ ಹೋದ ಒಂದೊಂದು ಅಕ್ಷರಾನೂ ನಂದೇ. ಬೇಡ ಅಂದ್ರೆ ಊರವರೆಲ್ಲ ಕೊರಳಿಂದ ಬಿಚ್ಚಿಡ್ಲಿ!"

ಮದುವೆ ಮುರಿಯಿತು ಎಂದುಕೊಂಡಳು ಅವಳು, ಹನೀನಾಳ ಮುಖ ನೋಡುವ ಧೈರ್ಯವಾಗಲಿಲ್ಲ. ಮುರಿದರೆ ಈ ಹುಡುಗಿಯ ಎದುರು ಜನ್ಮವಿಡೀ ತಲೆ ತಗ್ಗಿಸಿ ಬದುಕಬೇಕು. ಹಾಗೆ ಬದುಕಲು ತಾನು ಸಿದ್ಧಳೇ? ಇಲ್ಲ. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಳಗಿನಿಂದ ಒಂದಿಷ್ಟೂ ಮನಸ್ಸು ಬರಲಿಲ್ಲ.

ಫ್ರೀಹಾ ಅಜ್ಜಿ ತಮ್ಮ ಕುತ್ತಿಗೆಗೆ ಕೈ ಹಾಕಿ, ಬಟ್ಟೆಯೊಳಗಿಂದ ಒಂದು ಬೆಳ್ಳಿಯ ತಾಯಿತ ಎಳೆದು ಹೊರತೆಗೆದರು. "ನನಗೆ ಕಾಯಿಲೆಯಾದಾಗ ಮಾಡಿಸಿದ್ದು ಇದು. ಹಾಗಾದ್ರೆ ಇದೂ?"

ತೂಮಿಯಾ ನೋಡಿದಳು. ನೋಡಬೇಕಾಗಿಯೇ ಇರಲಿಲ್ಲ. "ಅದೂ. ಆದ್ರೆ ಅವನ ಹೆಸರು ಅದರಲ್ಲಿ ಅಪ್ಪಂದು. ನಿಮ್ಮ ಹೆಸರು ನಂದು."

"ನಾನು ಬದುಕಿದೀನಲ್ಲ," ಎಂದರು ಅಜ್ಜಿ ಮಗನಿಗೆ, ಸೊಪ್ಪಿನ ಬೆಲೆ ಹೇಳಿದಷ್ಟು ಸಲೀಸಾಗಿ. ತಾಯಿತವನ್ನು ಮತ್ತೆ ಒಳಗೆ ಬಿಟ್ಟುಕೊಂಡರು. "ಈಗ ಬಿಚ್ಚಿಡು ಅಂತೀಯಾ?"

ರಬ್ಬಿ "ಇಲ್ಲಮ್ಮ," ಎಂದ.

"ಮತ್ತೆ ಹುಡುಗಿಗೂ ಈ ಕೈಯದೇ ಆಗಬೇಕು, ಅವಳದೇ ಹೆಸರಿಂದು. ನಾನು ಅಂಗಡಿಗೆ ಬಂದು ಇವಳ ಎದುರು ಕೂತು ಮಾಡಿಸ್ತೀನಿ. ಏನೋ ಹ್ವಾತೊ, ಕುರ್ಚಿ ಹಾಕಿಸ್ತೀಯೋ, ಮನೆಯಿಂದ ತರಲೋ? ಅಕ್ಕನ ಕೈಯಿಟ್ಟುಕೊಂಡು ನಂದು ಅಂದೆಯಲ್ಲ, ನಾಚಿಕೆ ಆಗಬೇಕು ನಿನಗೆ. ಹುಯ್ಯಿ ಎಣ್ಣೆ, ಹಸಿವಾಗ್ತಿದೆ."

ಘ್ಜಾಲಾ ಎಣ್ಣೆ ಹೊಯ್ದಳು. ಹ್ವಾತೊ ತಲೆಯೆತ್ತದೆ ಕೀಲಿಕೈ ತಿರುಗಿಸುತ್ತ, ಕೀಲಿಯಿಲ್ಲದೆಯೂ ಬಾಗಿಲು ತೆರೆಯಬಲ್ಲವನನ್ನು ಕರೆಯುವ ಹಳೆಯ ಮಾತನ್ನು ಗೊಣಗಿದ. ಹಿಟ್ಟಿನಡಿಯಲ್ಲಿ ಉಂಗುರಗಳು ಕೀಲಿಗೆ ತಾಗಿ ಟಿಣ್ ಎಂದವು. ಎಲ್ಲರೂ ಒಂದೊಂದು ಬೆರಳು ಅದ್ದಿದರು. ತೂಮಿಯಾಳ ಬೆರಳಿನ ಪಕ್ಕಕ್ಕೆ ಹನೀನಾಳ ಬೆರಳು ಬಂತು. "ನಂಗೆ ಮೊದಲೇ ಗೊತ್ತಿತ್ತು ಅತ್ತೆ, ಉಳಿ ಹಿಡಿದ ಗಂಟು ನಿನ್ನ ಬೆರಳಲ್ಲಿರೋದು, ಅಪ್ಪನ ಬೆರಳಲ್ಲಿಲ್ಲ," ಎಂದು ಅವಳು ಕಿವಿಯಲ್ಲಿ ಹೇಳಿದಳು. ಗೊತ್ತಿದ್ದೂ ಸುಮ್ಮನಿದ್ದೆಯಾ ಎಂದು ಕೇಳಬೇಕೆನ್ನಿಸಿತು. ಕೇಳಿದರೆ ಆ ಪ್ರಶ್ನೆ ತನಗೇ ತಿರುಗುತ್ತದೆ ಎಂದು ಸುಮ್ಮನಾದಳು.

ತಿಂದು ಮುಗಿಸುವ ಹೊತ್ತಿಗೆ ರಬ್ಬಿ ಪದಕವನ್ನು ಒಂದು ಚರ್ಮದ ತುಂಡಿನಲ್ಲಿ ಸುತ್ತಿ, ಮುಟ್ಟಿಸದೆ, ಅವಳ ಅಂಗೈ ಮೇಲೆ ಬಿಟ್ಟ. ಹಿಂದೊಮ್ಮೆ ಅದೇ ಅಂಗೈಗೆ ಹೀಗೆಯೇ ಒಂದು ಕಾಗದ ಬಿದ್ದಿತ್ತು. ಅವತ್ತು ಕೈ ಮುಚ್ಚಲು ಬಂದಿರಲಿಲ್ಲ ಅವಳಿಗೆ. ಇವತ್ತು ಗಟ್ಟಿಯಾಗಿ ಮುಚ್ಚಿದಳು. ಬೀಗರು ಹೊರಟರು, ಘ್ಜಾಲಾ ದೀಪ ಹಿಡಿದು ಬಾಗಿಲವರೆಗೆ ಹೋದಳು. ಖಾಲಿ ಬೋಗುಣಿಯ ಮುಂದೆ ಅಕ್ಕ ತಮ್ಮ ಇಬ್ಬರೇ ಉಳಿದರು. ಮಧ್ಯೆ ಎಣ್ಣೆ ಹಿಟ್ಟು ಮೆತ್ತಿಕೊಂಡ ಕೀಲಿಕೈ ಬಿದ್ದಿತ್ತು.

"ಪೇಟೆಯವರು ನಗ್ತಾರೆ ಅಕ್ಕ," ಎಂದ ಹ್ವಾತೊ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ಚಿಕ್ಕಂದಿನಲ್ಲಿ ಬಿದ್ದಾಗಲೂ ಅವನು ಮೊದಲು ಸುತ್ತ ಯಾರು ನೋಡಿದರೆಂದು ನೋಡಿ ಆಮೇಲೆ ಅಳುತ್ತಿದ್ದ. ತೂಮಿಯಾಳಿಗೆ ಒಂದು ಗಳಿಗೆ ಅವನ ತಲೆ ಸವರೋಣವೆನ್ನಿಸಿತು. ಸವರಲಿಲ್ಲ. ಕೀಲಿಕೈ ಎತ್ತಿಕೊಂಡು, ಅದಕ್ಕೆ ಮೆತ್ತಿದ್ದ ಹಿಟ್ಟನ್ನು ಬೆರಳಲ್ಲಿ ಬಳಿದು ತಿಂದು, ಸೆರಗಿನಿಂದ ಚೆನ್ನಾಗಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಗ್ಲಿ," ಎಂದಳು. "ಬೆಳಿಗ್ಗೆ ಬಾಗಿಲು ನಾನು ತೆಗೀತೀನಿ. ನೀನು ಬರ್ತಾ ಒಂದು ಕುರ್ಚಿ ತಗೊಂಡು ಬಾ."